ಕೊಸರು

ವಾಸಿಯಾಗುತ್ತದೆಯೇ ಎಂದು ನ್ಯಾಂಗೆಟಾ ಕೇಳಲಿಲ್ಲ.
ರಕ್ತ ನಿಲ್ಲುತ್ತದೆಯೇ ಎಂದಳು.
ಯಂತ್ರ ನಡೆಸುವ ಡೆವೊಟಾ ಇದ್ದದ್ದನ್ನೇ ಹೇಳಿದಳು:
ನಿಲ್ಲಬಹುದು, ಒಂದು ವಾರ ಬೇಕು,
ನೋವೂ ತುಸು ತಗ್ಗೀತು.
ಮಿಕ್ಕದ್ದು ಇದರ ಕೈಯಲ್ಲಿಲ್ಲ.

ಕಿಬ್ಬೊಟ್ಟೆಯ ಮೇಲೆ ಶಾಯಿಯ ಗೆರೆ, ಮೂರು ಕಡೆ.
"ದರ್ಜಿ ಸೀಮೆಸುಣ್ಣ ಎಳೆದ ಹಾಗಿದೆ,
ಎಲ್ಲಿ ಕತ್ತರಿಸುತ್ತೀ ಮಗಳೇ?"
ಕತ್ತರಿಯಿಲ್ಲಮ್ಮಾ, ಬರೀ ಬೆಳಕು,
ಅದೂ ಕಣ್ಣಿಗೆ ಕಾಣದ್ದು.

ದಪ್ಪ ಬಾಗಿಲು ಮುಚ್ಚಿತು. ಎಲ್ಲರೂ ಆಚೆ.
ಐದು ಹೆತ್ತಾಗಲೂ ಇಷ್ಟು ಒಂಟಿಯಾಗಿರಲಿಲ್ಲ ಅವಳು.
ಯಂತ್ರ ಗುಂಯ್ ಎಂದಿತು. ಬಿಸಿಯಿಲ್ಲ, ಉರಿಯಿಲ್ಲ,
ಯಾರೂ ಮುಟ್ಟಲಿಲ್ಲ.
ಮಲಗಿದಲ್ಲೇ ಒಣಮೀನು ಅಳೆದಳು, ಡಬ್ಬಿಯಲ್ಲಿ:
ಹನ್ನೊಂದು, ಹನ್ನೆರಡು,
ಮೇಲೊಂದು ಹಿಡಿ ಕೊಸರು ಹಾಕುವಷ್ಟರಲ್ಲಿ
ಮುಗಿಯಿತು, ಏಳಮ್ಮಾ.

ಹನ್ನೆರಡನೆಯ ದಿನ, ಉಕೆರೆವೆಗೆ ಹೊರಟ ಹಡಗು.
ಆರು ತಿಂಗಳಿಂದ ಕಪ್ಪು ಬಿಟ್ಟು ಬೇರೆ ಉಟ್ಟಿರಲಿಲ್ಲ,
ಪ್ಲಾಸ್ಟಿಕ್ ಹಾಸದೆ ಎಲ್ಲೂ ಕೂತಿರಲಿಲ್ಲ.
ವಾಸನೆಗೆ ನಾಚಿ
ತಂಗಿಯ ಮನೆಯಲ್ಲೂ ಹೊಸ್ತಿಲಾಚೆ ನಿಂತೇ ಮಾತು.

ಇವತ್ತು ಹಳದಿ ಕಾಂಗಾ.
ಮರದ ಬೆಂಚಿನ ಮೇಲೆ, ಜನರ ನಡುವೆ
ಕೂತಳು.
ಎದ್ದು, ಕುತ್ತಿಗೆ ತಿರುಗಿಸಿ ಹಿಂದೆ ನೋಡಿಕೊಂಡಳು,
ಅಭ್ಯಾಸ.
ಏನಿಲ್ಲ.
ಮತ್ತೆ ಕೂತಳು.

ಶಾಯಿ ಅರ್ಧ ಮಾಸಿದೆ. ಗಡ್ಡೆ ಅಲ್ಲೇ ಇದೆ,
ಅವಳಿಗೂ ಗೊತ್ತು.
ನೀರು ಒಂದೇ ಸಮ ಹಿಂದೆ ಸರಿಯುತ್ತಿತ್ತು.
ಪಕ್ಕದವಳ ಬುಟ್ಟಿಗೆ ಕೈಹಾಕಿ ಒಂದು ಮೀನೆತ್ತಿ
ಮೂಸಿದಳು, ಮುರಿದಳು:
"ಸರಿಯಾಗಿ ಒಣಗಿಲ್ಲ ಇದು, ಎಷ್ಟಕ್ಕೆ ಕೊಡ್ತೀ?"
ದಡ ಕಾಣುವ ತನಕ ಚೌಕಾಸಿ.
ಕೊಸರಿಲ್ಲದೆ ಬಿಡಲಿಲ್ಲ.