ಬೆರಳಲ್ಲಿ ನೋಡು

ನೂರು ಎಣಿಸಿದೆ, ಹನ್ನೊಂದು.
ಇನ್ನೊಂದು ಸ್ಲೈಡು, ಮತ್ತೆ ನೂರು. ಹನ್ನೆರಡು.
ಎರಡು ದಿನದ ಜ್ವರ, ಹೆಣ್ಣು, ವಯಸ್ಸು ಅರವತ್ತಮೂರು,
ಹೆಸರು ಹೊಂಬಾಳಮ್ಮ.
ಚೀಟಿಯಲ್ಲಿ ನನ್ನ ಅಕ್ಷರ, ಕೊಳವೆಯಲ್ಲಿ ನನ್ನ ಅವ್ವನ ರಕ್ತ.

ಲೀಶ್ಮನ್ ಬಣ್ಣ ಕುಡಿದು ನೇರಳೆಯಾಗಿ ಕೂರಬೇಕಿದ್ದ
ದುಂಡು ಲಿಂಫೊಸೈಟುಗಳು ಎಲ್ಲಿ ಹೋದವು?
ಅವುಗಳಲ್ಲಿ ಟಿ ಯಾವುದು, ಬಿ ಯಾವುದು
ಈ ಗಾಜಿನ ಮೇಲೆ ಕಾಣುವುದಿಲ್ಲ, ಸುಳ್ಳು ಹೇಳಬಾರದು.
ಹಾಸನದಲ್ಲಿ ರಾತ್ರಿ ಪಾಳಿ. ಕಿಟಕಿಯಾಚೆ
ಜಲಂಧರದ ಬೀಜ ಹೊತ್ತ ಲಾರಿಗಳು
ಮಂಡಿ ಕಡೆ ತಿರುಗುತ್ತ ಗೇರು ಬದಲಿಸುತ್ತವೆ.

ಇಪ್ಪತ್ತಾರು ವರ್ಷ ಅವ್ವ ಶೀತಲಗೃಹದಲ್ಲಿ
ಬಿತ್ತನೆ ಆಲೂಗೆಡ್ಡೆ ಆಯ್ದಳು.
ಗೋಣಿ ಸುರಿದರೆ ಗುಡ್ಡ, ಗುಡ್ಡದ ಸುತ್ತ ಹದಿನಾರು ಹೆಂಗಸರು.
ಬೇಸಿಗೆ ರಜೆಯಲ್ಲಿ ನಾನೂ ಕೂತು
ಚುಕ್ಕೆ ಕಂಡದ್ದನ್ನೆಲ್ಲ ಎಸೆಯುತ್ತಿದ್ದೆ.
ತಲೆಗೊಂದು ಮೊಟಕಿದಳು:
“ಕಣ್ಣಲ್ಲಿ ನೋಡ್ಬ್ಯಾಡ ಕಣೇ, ಬೆರಳಲ್ಲಿ ನೋಡು.
ಮ್ಯಾಲೆ ಚೆಂದಾಗಿರ್ತದೆ, ಒಳಗೆ ಅಂಗಮಾರಿ ಕೂತಿರ್ತದೆ.”

ಟಿ ಕಣಕ್ಕೂ ಕಣ್ಣಿಲ್ಲ.
ಬಯಲಲ್ಲಿ ತೇಲುವ ವೈರಸ್ಸು ಅದಕ್ಕೆ ಗೊತ್ತೇ ಆಗದು.
ಪ್ರತಿ ಕೋಶವೂ ತನ್ನೊಳಗೆ ನಡೆವುದರ ಚೂರೊಂದನ್ನು
ಹೊಸಿಲಾಚೆ ಹಿಡಿದು ನಿಂತಿರುತ್ತದೆ, ಹಗಲೂ ರಾತ್ರಿ.
ಅದನ್ನು ಮುಟ್ಟಿ ನೋಡುವುದಷ್ಟೇ ಕಸುಬು:
ನಮ್ಮದು, ಮುಂದೆ. ನಮ್ಮದು, ಮುಂದೆ. ನಮ್ಮದು...
ನಿಲ್ಲು.

ಮಧ್ಯಾಹ್ನ ಅವ್ವನ ಕತ್ತು ಒತ್ತಿದ್ದೆ.
ದವಡೆಯ ಕೆಳಗೆ ಗೋಲಿ ಗಾತ್ರದ ಗಡ್ಡೆ.
ಅಲ್ಲೂ ಒಂದು ಮಂಡಿ ನೆರೆದಿತ್ತು:
ಗಂಟಲಿಂದ ಓಡಿ ಬಂದ ಕೋಶವೊಂದು
ವೈರಸ್ಸಿನ ಚೂರು ಕೈಯಲ್ಲಿ ಹಿಡಿದು ಸಾಲಿಡೀ ಕೇಳುತ್ತಿತ್ತು,
ನಿಂಗೊತ್ತಾ? ನಿಂಗೊತ್ತಾ?
ಲಕ್ಷದಲ್ಲಿ ಒಂದಕ್ಕೆ ಗೊತ್ತು.
ಆ ಒಂದು ಎರಡಾಗಿ, ಎರಡು ನಾಲ್ಕಾಗಿ, ದಿನಗಳು ಬೇಕು.
ಅದಕ್ಕೇ ರಕ್ತ ಬರಿದು. ಬಿತ್ತನೆ ವಾರದಲ್ಲಿ
ನಮ್ಮ ಬೀದಿ ಬರಿದಾಗುತ್ತಿದ್ದ ಹಾಗೆ.

ಆಮೇಲಿನದು ಹೇಳಲು ನನಗೆ ಇಷ್ಟವಿಲ್ಲ.
ಅವು ಕೊಲ್ಲುವುದು ವೈರಿಯನ್ನಲ್ಲ,
ವೈರಿ ಹೊಕ್ಕ ನಮ್ಮದೇ ಕೋಶವನ್ನು.
ಮೈಗೆ ಮೈ ತಾಗಿಸಿ, ಒಂದು ತೂತು, ಒಂದು ಹನಿ.
ಅದು ಕಿರುಚುವುದಿಲ್ಲ, ತಾನೇ ಮಡಚಿಕೊಳ್ಳುತ್ತದೆ.
ಅವ್ವನ ಅರ್ಧ ಕೆಮ್ಮು ಆ ಕೆಲಸದ ಸದ್ದು.
ಸಾಕು ಎನ್ನುವವರೂ ಅವುಗಳಲ್ಲೇ ಇದ್ದಾರೆ,
ಬೇಗ ಹೇಳಲಿ.

ಐದನೇ ರಾತ್ರಿ ಬೆರಳಿಗೆ ಕಚ್ಚಿಸಿದ ಯಂತ್ರ
ತೊಂಬತ್ತೊಂದು ಅಂದಿತು.
ಎದೆಮೂಳೆಯ ಹಿಂದೆ ಥೈಮಸ್ ಎಂಬ ಶಾಲೆಯಿತ್ತು;
ಸೇರಿದ ನೂರರಲ್ಲಿ ಮೂರೋ ನಾಲ್ಕೋ ಪಾಸು, ಮಿಕ್ಕವರಿಗೆ ಸಾವು.
ಈ ವಯಸ್ಸಿಗೆ ಆ ಶಾಲೆ ಕರಗಿ ಕೊಬ್ಬು.
ಹೊಸ ಆಳು ಬರುವುದಿಲ್ಲ, ಹಳಬರೇ ಆಗಬೇಕು.
ಯಾವ ವರ್ಷದ್ದೋ ಶೀತ, ಲೆಕ್ಕಕ್ಕಿಡದೆ
ಕಷಾಯ ಕುಡಿದು ಕೆಲಸಕ್ಕೆ ಹೋದ ಜ್ವರ,
ಅದರ ನೆನಪು ಹೊತ್ತವರು ಯಾರಾದರೂ
ಈ ಪುಪ್ಪುಸದ ಮೂಲೆಯಲ್ಲಿ ಕೂತಿದ್ದರೆ
ಏಳಿ, ಎಂದೆ. ಗೋಡೆಗೆ ಹೇಳಿದ ಹಾಗೆ.

ಒಂಬತ್ತನೇ ದಿನ ನಲವತ್ತಮೂರು.
ದೊಡ್ಡವು, ಅಂಚಿಗೆ ನೀಲಿ ಹತ್ತಿದವು,
ಕೆಂಪುಕಣಗಳ ಸಂದಿಗೆ ಮೈ ಬಾಗಿಸಿ
ಗೋಣಿಗೆ ಒರಗಿ ಕೂತ ಹೆಂಗಸರಂತೆ.
ಅದೊಂದು ಸ್ಲೈಡು ತೊಳೆಯಲಿಲ್ಲ.

ಭಾನುವಾರ ಅವ್ವ ಎದ್ದು ಕೂತು
ಸಾರಿಗೆ ತಂದ ಗೆಡ್ಡೆಗಳನ್ನು ಒಂದೊಂದೇ ಒತ್ತುತ್ತಿದ್ದಳು.
ಎಣಿಕೆ ಹೇಳಿದೆ. ಕೆಲಸ ಮುಗಿಯಿತಲ್ಲ,
ಇನ್ನು ಹೆಚ್ಚಿನವು ಸಾಯುತ್ತವೆ, ಒಂದಿಷ್ಟು ಉಳಿಯುತ್ತವೆ,
ಮುಂದಿನ ಸಲಕ್ಕೆ, ಎಂದೆ.
ನೋಡದೆಯೇ ಒಂದನ್ನು ಪಕ್ಕಕ್ಕೆಸೆದು
“ಸತ್ತೋವ್ಕೆ ಕೂಲಿ ಯಾರು ಕೊಟ್ರು?” ಅಂದಳು.