ಡ್ರೈವರ್ ಬಾಜೂಕಿನ ಸೀಟು

ಮುಂಜಾನೆ ಏಳೂವರಿಗೆ ತಿಕೋಟಾ ದಾಟಿ
ಬಿಜಾಪುರದ ಹಾದಿ ಹಿಡೀತೈತಿ ಹಳದಿ ಗಾಡಿ.
ಇಪ್ಪತ್ತೆರಡು ಟೈ, ಇಪ್ಪತ್ತೆರಡು ನೀರಿನ ಬಾಟ್ಲಿ,
ತಿರುವಿನ್ಯಾಗ ದಿನಾ ವಾಂತಿ ಮಾಡ್ಕೊಳ್ಳೋ ಗೌಡರ ಮೊಮ್ಮಗ.
ನನ್ನ ಬಾಜೂಕ ಸಂಜನಾ, ಟೈ ಇಲ್ಲ.
ಸರಕಾರಿ ಸಾಲಿ ತಿರುವಿನ್ಯಾಗ ಇಳೀತಾಳ
ಯಾರೂ ನೋಡದಂಗ.

ಮಾಲಕರು ನೋಡ್ಯಾರ.
ಬೈಲಿಲ್ಲ. ಫಾರ್ಮ್ ಕೊಟ್ರು.
"ಆರನೇತ್ತಕ್ಕ ನಮ್ಮಲ್ಲೇ ಹಾಕು ಪರಸಪ್ಪ,
ಅರ್ಧಾ ಫೀ ಬಿಡ್ತೀನಿ,
ಉಳಿದದ್ದು ಪಗಾರದಾಗ ಹಿಡಕೊಂತ ಹೋಗೂಣು.
ಮುಂದ ಡಾಕ್ಟರ್ ಗೀಕ್ಟರ್ ಆಗಬೇಕಂದ್ರ
ಇಂಗ್ಲಿಷ್ ಬಿಟ್ಟು ನಡೀತೈತೇನು?"

ಹಲಗತ್ತಿ ಮಾಸ್ತರ್ ಚಾ ಆರಿಸ್ಕೋತ
ಬ್ಯಾರೆ ಲೆಕ್ಕ ಹೇಳಿದ್ರು:
ಒಂದರಿಂದ ಹತ್ತರ ತನಕಾ ಹಳ್ಳಿ ಸಾಲಿ, ಕನ್ನಡ ಮಾಧ್ಯಮ,
ಎರಡಕ್ಕೂ ಸೀಟು ತೆಗೆದಿಟ್ಟಾರ.
"ಐದು ವರ್ಷ ಆಗೇತಿ, ಇನ್ನ ಐದು.
ನಡಕ ಒಂದ ವರ್ಷ ಕಡದ್ರ
ಹಿಂದಿನವೂ ಹ್ವಾದಂಗ."

ಮಾಸ್ತರ ಮಗ ಓದೋದು ಬಿಜಾಪುರದಾಗ,
ನನ್ನ ಗಾಡಿ, ಮೂರನೇ ಕಿಟಕಿ.
ನಾ ಕೇಳಲಿಲ್ಲ.
ಅವರು ಕಪ್ಪಿನ ತಳ ನೋಡಿದ್ರು.

ದಿನಾ ಶೆಡ್ಡಿನ್ಯಾಗ ಮಣೂಕ ಆರಸ್ತಾಳ ಗಂಗವ್ವ,
ಒಂದನೇ ನಂಬರ್, ಎರಡನೇ ನಂಬರ್, ಕಡ್ಡಿ, ಕರೇದು.
ರಾತ್ರಿ ಫಾರ್ಮಿನ ಬೆನ್ನಿಗೆ ಬರದ್ಲು:
ಫೀ, ಬೂಟು, ಎರಡು ಜೋಡಿ ಅರಿವಿ, ಟ್ಯೂಷನ್ನು.
ಕೂಡಿಸಿದ್ಲು, ಕಾಟು ಹಾಕಿದ್ಲು, ಮತ್ತ ಕೂಡಿಸಿದ್ಲು.
"ನೆರಳಾಗ ಒಣಗಿದ್ದು ಹಸರ ಇರ್ತೈತಿ, ರೇಟ್ ಅದಕ್ಕ.
ಬಿಸಲಾಗ ಒಣಗಿದ್ದು ಕೆಂಪ.
ಬಾಯಾಗ ಹಾಕ್ಕೊಂಡ್ರ ಅದ ಸೀ ಜಾಸ್ತಿ."
ಯಾವ ಸಾಲಿ ನೆರಳು, ಯಾವ ಸಾಲಿ ಬಿಸಲು
ಹೇಳೂದ್ರಾಗ ನಿದ್ದಿ ಹತ್ತಿತ್ತು ಆಕಿಗೆ.

ಸಂಜನಾನ್ನೂ ಕೇಳಿದ್ನಿ.
ಕಾಲೇಜು, ಕೋಟಾ, ಸಿಇಟಿ, ನನಗ ತಿಳಿದಷ್ಟು ಹೇಳಿದ್ನಿ.
ಎಲ್ಲಾ ಕೇಳಿ ಆಕಿ ಕೇಳಿದ್ದು ಒಂದ:
"ಆ ಸಾಲಿಗೆ ಹಚ್ಚಿದ್ರ ನಾ ಹಿಂದ ಕುಂಡ್ರಬೇಕೇನು?
ಮುಂದಿನ ಸೀಟು ನಂದ ಇರ್ತೈತೇನು?"

ಶನಿವಾರ ಕಡೀ ದಿನ.
ಫಾರ್ಮ್ ಸ್ಟೇರಿಂಗಿನ ಮುಂದ ಬಿಸಲಿಗೆ ಸುರುಳಿ ಆಗೇತಿ.

ಇವತ್ತ ತಿರುವಿನ್ಯಾಗ ಗಾಡಿ ನಿಂತಾಗ
ಮೂರನೇ ಕಿಟಕಿಯಿಂದ ಒಂದು ಕೈ ಬಂತು,
ಇಂಗ್ಲಿಷ್ ಡೈರಿ ಹಿಡಕೊಂಡು.
"ಸಂಜನಾ, ನಮ್ಮಪ್ಪಗ ಕೊಡ,
ಸಹಿ ಮಾಡೂದು ಮರತಾರ.
ಸಂಜಿಗೆ ತಂದ ಕೊಡು."
ಆಕಿ ತನ್ನ ಪಾಟೀಚೀಲದಾಗ ಅದನ್ನ ಇಟಗೊಂಡು
ಸಾಲೀ ಕಡೆ ಓಡಿದ್ಲು.

ನಾ ಗೇರ್ ಹಾಕಿದ್ನಿ.
ಬಾಜೂಕಿನ ಸೀಟು ಇನ್ನೂ ಬೆಚ್ಚಗಿತ್ತು.