ಏನೂ ಸಿಗದ ಇಬ್ಬರು

ಟೈಲರ್ ಮುಕುಂದಪ್ಪ ಸತ್ತಾಗ ಅಂಗಡಿಯಲ್ಲಿ
ಹೊಲಿಗೆ ಮುಗಿಯದ ಹದಿನಾಲ್ಕು ರವಿಕೆ ಇದ್ದವು,
ಬ್ಯಾಂಕಿನಲ್ಲಿ ಮೂರು ಲಕ್ಷ ಚಿಲ್ಲರೆ.
ರವಿಕೆಗಳನ್ನು ಅವರವರು ಬಂದು ಒಯ್ದರು, ಒಂದೇ ವಾರ.
ಹಣಕ್ಕೆ ನಾಮಿನಿ ಅವನ ತಾಯಿ.
ಆಕೆ ಹೋಗಿ ಹನ್ನೊಂದು ವರ್ಷ.

ಅರಸೀಕೆರೆ ಕೋರ್ಟಿನ ಮೆಟ್ಟಿಲ ಮೇಲೆ
ಅವನ ಹೆಂಡತಿ ಜಯಶೀಲ ಊಟದ ಡಬ್ಬಿ ಬಿಚ್ಚುವುದನ್ನು
ಎಷ್ಟು ಸಲ ನೋಡಿದೆನೋ.
ಒಂದು ಸರ್ಟಿಫಿಕೇಟಿಗೆ ಒಂದೂವರೆ ವರ್ಷ.
"ಒಂದು ಫಾರಂ ಕಣೇ ಗಂಗಾಂಬಿಕೆ,
ಒಂದು ಹೆಸರು ಹೊಡೆದು ಇನ್ನೊಂದು ಬರೆದಿದ್ದರೆ..."
ಅಷ್ಟೇ ಹೇಳಿ, ಚಿತ್ರಾನ್ನದ ಮೆಣಸಿನಕಾಯಿ
ಒಂದೊಂದೇ ಆರಿಸಿ ಮುಚ್ಚಳದ ಮೇಲಿಟ್ಟಳು.

ಆ ರಾತ್ರಿ ನನ್ನ ಠೇವಣಿ ಪತ್ರ ತೆಗೆದು ನೋಡಿದೆ.
ನಾಮಿನಿ: ನಾನು ಬಿಟ್ಟುಬಂದ ಗಂಡ.

ನಲವತ್ತಾರು ವಯಸ್ಸು, ಸಕ್ಕರೆ ಇಲ್ಲ, ಬಿಪಿ ಇಲ್ಲ,
ಸಾಯುವ ಮಾತೇಕೆ ಈಗ ಎಂದ ತಮ್ಮ.
ಗಿರಣಿಗೆ ರಾಗಿ ತಂದವರು
ಡಬ್ಬದ ಮೇಲೆ ಹೆಸರು ಬರೆದಿಟ್ಟು ಹೋಗುತ್ತಾರೆ.
ಬರೆಯದಿದ್ದರೆ ಸಂಜೆ ಜಗಳ.
ಅವನಿಗೆ ನಾನು ಹೇಳಿದ್ದು ಅಷ್ಟೇ.

ಪತ್ರ ಬರೆಯುವ ಹಾಲಪ್ಪನವರದು
ಸಬ್‌ರಿಜಿಸ್ಟ್ರಾರ್ ಕಚೇರಿ ಎದುರಿಗೆ, ಜೆರಾಕ್ಸ್ ಅಂಗಡಿಯ ಪಕ್ಕ, ಒಂದು ಮೇಜು.
"ಉಯಿಲಿಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು.
ರಿಜಿಸ್ಟರ್ ಮಾಡಿಸಲೇಬೇಕೂಂತಿಲ್ಲ, ಮಾಡಿಸಿದರೆ ಒಳ್ಳೇದು.
ಮತ್ತೆ ನಾಮಿನಿ ಅಂದರೆ ಒಡೆಯ ಅಲ್ಲ ಕಣಮ್ಮ,
ಬೀಗದ ಕೈ ಇಟ್ಟುಕೊಂಡವನು ಅಷ್ಟೇ.
ಪಿತ್ರಾರ್ಜಿತವೋ, ಸ್ವಯಾರ್ಜಿತವೋ?"
ಸ್ವಯಾರ್ಜಿತ. ಬಾಯ್ತುಂಬ ಹೇಳಿದೆ.
ಮೊದಲ ಸಾಲು ಅವರ ಬಾಯಿಂದ ತಾನಾಗಿ ಹರಿಯಿತು:
ಸ್ವಸ್ಥಚಿತ್ತಳಾಗಿ, ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ...
ನನ್ನ ಬಗ್ಗೆ ಯಾರಾದರೂ ಹೀಗೆ ಬರೆದದ್ದು ಇದೇ ಮೊದಲು.
ಇನ್ನೊಮ್ಮೆ ಓದಿ ಎಂದೆ.

ಚಕ್ಕುಬಂದಿ.
ಪೂರ್ವಕ್ಕೆ ರೈಲ್ವೆಯವರ ಬೇಲಿ,
ಪಶ್ಚಿಮಕ್ಕೆ ಕೊಬ್ಬರಿ ಮಂಡಿಯ ಗೋಡೆ,
ಉತ್ತರಕ್ಕೆ ಮುಕುಂದಪ್ಪನ, ಅಲ್ಲ, ಜಯಶೀಲಮ್ಮನವರ ಅಂಗಡಿ,
ದಕ್ಷಿಣಕ್ಕೆ ಓಣಿ.
ನಡುವೆ ಹದಿನೆಂಟು ವರ್ಷದ ಹಿಟ್ಟಿನ ಧೂಳು,
ಅದಕ್ಕೆ ಅಳತೆ ಇಲ್ಲ.

ಬಳೆ ಎರಡು ಜೊತೆ ತಮ್ಮನ ಮಗಳಿಗೆ.
ಗಿರಣಿ ಸಣ್ಣತಾಯಿಗೆ.
ಹಾಲಪ್ಪ ಕನ್ನಡಕ ಇಳಿಸಿದರು.
"ಕೆಲಸದವಳು. ರಕ್ತಸಂಬಂಧ ಅಲ್ಲ.
ಯಾಕೆ ಕೊಡ್ತೀರಿ ಅಂತ ಒಂದು ಸಾಲು ಹಾಕೋಣ,
ನಾಳೆ ತಕರಾರು ಬಂದರೆ ಬೇಕಾಗುತ್ತೆ."
ಬೆಲ್ಟಿಗೆ ಸೆರಗು ಸಿಕ್ಕ ದಿನ
ಅವಳು ನನ್ನ ಸೊಂಟ ಹಿಡಿದು ಹಿಂದಕ್ಕೆಳೆದು
ತನ್ನ ಎರಡು ಬೆರಳು ಕಳಕೊಂಡದ್ದು ಹೇಳಿದೆ.
ಅವರು ಬರೆದರು:
"ನನ್ನ ಯೋಗಕ್ಷೇಮ ನೋಡಿಕೊಂಡಿರುವುದರಿಂದ."

ಸಾಕ್ಷಿಗೆ ಇಬ್ಬರು ಬೇಕು.
ತಮ್ಮ ಬೇಡ. ಸಣ್ಣತಾಯಿಯಂತೂ ಬೇಡವೇ ಬೇಡ.
"ಇದರಲ್ಲಿ ಏನೂ ಸಿಗದವರಾಗಬೇಕು."
ನಾನು ಬೆಂಚಿನ ಮೇಲೆ ಕೂತೆ.
ನನ್ನಿಂದ ಏನೂ ಸಿಗದೆ, ಸಿಗಲೆಂದು ಕಾಯದೆ,
ನಾನಿದ್ದದ್ದನ್ನು ಕಣ್ಣಿಟ್ಟು ನೋಡಿದವರು ಯಾರು?
ಎರಡೇ ಹೆಸರು ಬೇಕಿತ್ತು.
ಒಂದು ಟೀ ಆರಿತು.

ಗೇಟ್‌ಮನ್ ಅಂತೋಣಪ್ಪ ಬಂದ.
ರಾತ್ರಿ ಪಾಳಿ ಮುಗಿಸಿ ಹೋಗುವಾಗ
ನನ್ನ ತುಕ್ಕು ಷಟರ್ ಎತ್ತಲು ಕೈ ಹಾಕುವವನು,
ಪಾವು ಹಿಟ್ಟು ಕೂಡ ಬೇಡ ಎನ್ನುವವನು.
ಇನ್ನೊಬ್ಬಳು ಜಯಶೀಲ.
ಅವಳು ಪೆನ್ನು ಒತ್ತಿದ ರಭಸಕ್ಕೆ
ಕೆಳಗಿನ ಹಾಳೆಯಲ್ಲೂ ಸಹಿಯ ಅಚ್ಚು ಬಿತ್ತು.

"ಮನಸ್ಸು ಬದಲಾದರೆ ಮತ್ತೆ ಬರೆಸಿ,
ಕೊನೆಯದು ಯಾವುದೋ ಅದೇ ನಿಲ್ಲುತ್ತೆ"
ಎಂದರು ಹಾಲಪ್ಪ, ಮಾತಾಡಿದ್ದಕ್ಕಿಂತ ನೂರೈವತ್ತು ಹೆಚ್ಚಿಗೆ ತೆಗೆದುಕೊಂಡು.
ಬ್ಯಾಂಕಿಗೆ ಹೋಗಿ ಗಂಡನ ಹೆಸರು ಹೊಡೆಸಿದೆ.
ಆ ಗುಮಾಸ್ತೆ ಹುಡುಗಿ ಸ್ಕೇಲಿಟ್ಟು ಗೆರೆ ಎಳೆದಳು.

ಗಿರಣಿಯಲ್ಲಿ ಆರು ಡಬ್ಬ ಕಾಯುತ್ತಿದ್ದವು.
ಒಂದರ ಮೇಲೆ ಹೆಸರಿಲ್ಲ.
"ಯಾರ್ದಕ್ಕಾ ಇದು?" ಎಂದಳು ಸಣ್ಣತಾಯಿ.
ಮುಚ್ಚಳ ತೆಗೆದು ಮೂಸಿದೆ. ಮೆಂತ್ಯ ಬೆರೆಸಿದ ರಾಗಿ.
ಯಾರದೆಂದು ನನಗೆ ಗೊತ್ತು,
ಅವಳಿಗೂ ಗೊತ್ತು.
ಆದರೂ ಅವಳ ಮೂರು ಬೆರಳಿನ ಕೈಗೆ
ಸೀಮೆಸುಣ್ಣ ಕೊಟ್ಟು ಬರಿ ಎಂದೆ.